ಹಿರಿಯರು ಬೀಳದಂತೆ ಏನು ಮಾಡಬಹುದು?

ಮನೆಯಲ್ಲಿ ವಯಸ್ಸಾದವರು ಬಿದ್ದಾಗ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. 'ಏನೂ ಆಗಿಲ್ಲ ಬಿಡಿ, ಸ್ವಲ್ಪ ಕಾಲು ಜಾರಿತು' ಎಂಬುದು ಬಿದ್ದವರ ಮಾತು. 'ವಯಸ್ಸಾಯಿತಲ್ಲ, ಬೀಳೋದು ಸಹಜ' ಎಂಬುದು ನೋಡಿದವರ ಮಾತು. ಇವೆರಡರ ನಡುವೆ ಕೇಳಲೇಬೇಕಾದ ಒಂದು ಪ್ರಶ್ನೆ ಕಳೆದುಹೋಗುತ್ತದೆ. ಅವರು ಏಕೆ ಬಿದ್ದರು? ಆ ಪ್ರಶ್ನೆಯನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ವೈದ್ಯನಲ್ಲ. ವಿಜ್ಞಾನ ಓದಿ ದೂರದರ್ಶನದ ಕೆಲಸಕ್ಕೆ ಬಂದವನು. ಆರೋಗ್ಯ ಕಾರ್ಯಕ್ರಮಗಳನ್ನು ತಯಾರಿಸುವಾಗ ವೈದ್ಯರಿಂದಲೂ ಫಿಸಿಯೋಥೆರಪಿ ತಜ್ಞರಿಂದಲೂ ಕೇಳಿದ್ದು, ಓದಿ ತಿಳಿದದ್ದು, ಜೊತೆಗೆ ನಾನು ವಾಸವಾಗಿರುವ ಇಟ್ಟಮಡುವಿನ ಬೀದಿಗಳಲ್ಲಿ ದಿನವೂ ಕಾಣುವುದು, ಇವೆಲ್ಲವನ್ನೂ ಸೇರಿಸಿ ಮಾತನಾಡುತ್ತೇನೆ.

ಮೊದಲು ಈ ಸಮಸ್ಯೆಯ ಅಳತೆಯನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. 65 ದಾಟಿದವರಲ್ಲಿ ಸುಮಾರು ಮೂವರಿಗೆ ಒಬ್ಬರು ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. 2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು. ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪಾಲು ಶೇಕಡಾ 9ಕ್ಕಿಂತ ಮೇಲಿತ್ತು. ಅದು ಏರುತ್ತಲೇ ಇದೆ. ಬನಶಂಕರಿ, ಜಯನಗರ, ಪದ್ಮನಾಭನಗರದಂಥ ಕಡೆ ಸಂಜೆ ಹೊತ್ತು ಯಾವುದಾದರೂ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತು ನೋಡಿದರೆ ಲೆಕ್ಕ ತೆಗೆಯುವ ಅಗತ್ಯವೇ ಬೀಳುವುದಿಲ್ಲ.

ನಾವು ನೆಟ್ಟಗೆ ನಿಂತಿರುತ್ತೇವಲ್ಲ, ಅದು ನಮಗೆ ಒಂದು ಕೆಲಸ ಎಂದೇ ಅನ್ನಿಸುವುದಿಲ್ಲ. ಆದರೆ ಮೆದುಳಿಗೆ ಅದು ಬಿಡುವಿಲ್ಲದ ದುಡಿಮೆ. ಮೂರು ಕಡೆಯಿಂದ ಅದಕ್ಕೆ ಸುದ್ದಿ ಬರುತ್ತಿರಬೇಕು. ಕಣ್ಣು ಸುತ್ತಲಿನ ನೆಲ, ಗೋಡೆ, ಮೆಟ್ಟಿಲು ಎಲ್ಲಿವೆ ಎಂದು ಹೇಳುತ್ತದೆ. ಒಳಗಿವಿಯಲ್ಲಿರುವ ಸೂಕ್ಷ್ಮ ಅಂಗ ತಲೆ ಯಾವ ಕಡೆ ವಾಲಿದೆ, ಯಾವ ಕಡೆ ತಿರುಗಿದೆ ಎಂದು ತಿಳಿಸುತ್ತದೆ. ಅಂಗಾಲು, ಕಾಲಿನ ಕೀಲು, ಸ್ನಾಯುಗಳು ನೆಲ ಹೇಗಿದೆ, ಭಾರ ಎಲ್ಲಿ ಬಿದ್ದಿದೆ ಎಂದು ವರದಿ ಮಾಡುತ್ತವೆ. ಈ ಮೂರನ್ನೂ ಕೂಡಿಸಿ ಮೆದುಳು ಸ್ನಾಯುಗಳಿಗೆ ಆಜ್ಞೆ ಕೊಡುತ್ತದೆ. ಯೌವನದಲ್ಲಿ ಎಡವಿದರೂ ಕ್ಷಣಾರ್ಧದಲ್ಲಿ ಇನ್ನೊಂದು ಕಾಲು ಮುಂದೆ ಬಂದು ನಮ್ಮನ್ನು ಹಿಡಿದುಕೊಳ್ಳುತ್ತದೆ.

ವಯಸ್ಸಾದಂತೆ ಈ ಮೂರೂ ಸ್ವಲ್ಪ ಸ್ವಲ್ಪ ಮಸುಕಾಗುತ್ತವೆ. ಆಜ್ಞೆ ತಲುಪುವುದು ನಿಧಾನವಾಗುತ್ತದೆ. ತೊಡೆಯ ಸ್ನಾಯು ಸೊರಗಿ ಮುಂದಿಟ್ಟ ಕಾಲು ಭಾರವನ್ನು ತಡೆಯುವುದಿಲ್ಲ. ಎಡವುವುದು ಎಲ್ಲ ವಯಸ್ಸಿನಲ್ಲೂ ಇದ್ದದ್ದೇ. ಎಡವಿದ ಮೇಲೆ ಸಾವರಿಸಿಕೊಳ್ಳುವ ಶಕ್ತಿ ಕುಂದುವುದೇ ಮುಪ್ಪಿನ ತೊಂದರೆ.

ಈ ವಿಷಯದಲ್ಲಿ ಹಾದಿ ತೋರಿಸಿದ ಒಂದು ಅಧ್ಯಯನವನ್ನು ನೆನೆಯಬೇಕು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಮೇರಿ ಟಿನೆಟಿ ಮತ್ತು ಸಂಗಡಿಗರು 75 ದಾಟಿದ 336 ಜನರನ್ನು ಒಂದು ವರ್ಷ ಗಮನಿಸಿ 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿದ್ದೆ ಬರಿಸುವಂಥ ಮಾತ್ರೆಗಳು, ಕಾಲಿನ ದೌರ್ಬಲ್ಯ, ಪಾದದ ತೊಂದರೆ, ನಡಿಗೆಯ ದೋಷ ಮುಂತಾದ ಅಪಾಯದ ಅಂಶಗಳಲ್ಲಿ ಒಂದೂ ಇಲ್ಲದವರಲ್ಲಿ ನೂರಕ್ಕೆ 8 ಜನ ಬಿದ್ದರು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಇದ್ದವರಲ್ಲಿ ನೂರಕ್ಕೆ 78 ಜನ ಬಿದ್ದರು. ವಯಸ್ಸು ಒಂದೇ ಆದರೂ ವ್ಯತ್ಯಾಸ ಇಷ್ಟು! 'ವಯಸ್ಸಾಯಿತು, ಬೀಳೋದು ಸಹಜ' ಎನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ವಯಸ್ಸನ್ನು ನಾವು ಕಡಿಮೆ ಮಾಡಲಾರೆವು. ಆದರೆ ನಾಲ್ಕು ಅಪಾಯಗಳಲ್ಲಿ ಎರಡನ್ನು ತೆಗೆದುಹಾಕಬಹುದು.

ಈ ಅಪಾಯಗಳನ್ನು ಅನುಕೂಲಕ್ಕಾಗಿ ನಾಲ್ಕು ಭಾಗ ಮಾಡಿಕೊಳ್ಳೋಣ: ದೇಹ, ಔಷಧ, ಮನೆ, ಬೀದಿ.

ಮೊದಲು ದೇಹ. ಬೆಳಿಗ್ಗೆ ಹಾಸಿಗೆಯಿಂದ ಥಟ್ಟನೆ ಎದ್ದು ನಿಂತಾಗ ಕೆಲವರಿಗೆ ಕಣ್ಣು ಕತ್ತಲೆ ಬರುತ್ತದೆ. ಎದ್ದ ಕೂಡಲೇ ರಕ್ತ ಕಾಲಿನ ಕಡೆ ಇಳಿಯುತ್ತದೆ. ರಕ್ತನಾಳಗಳು ಬೇಗ ಬಿಗಿದುಕೊಳ್ಳದಿದ್ದರೆ ಮೆದುಳಿಗೆ ರಕ್ತ ಸಾಲುವುದಿಲ್ಲ. ನಿಂತ ಮೂರು ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ವೈದ್ಯರು ಇದನ್ನು ಗಂಭೀರವಾಗಿ ನೋಡುತ್ತಾರೆ. ಆದ್ದರಿಂದ ಮುಂದಿನ ಬಾರಿ ಹೋದಾಗ, 'ಡಾಕ್ಟ್ರೇ, ನಿಂತಾಗಲೂ ಒಮ್ಮೆ ಬಿ.ಪಿ. ನೋಡಿ' ಎಂದು ಕೇಳಲು ಸಂಕೋಚಪಡಬೇಡಿ. ನಮ್ಮ ಹಿರಿಯರಲ್ಲಿ ಅನೇಕರಿಗೆ ಎದ್ದೊಡನೆ ಹಾಸಿಗೆಯ ಮೇಲೆಯೇ ಕುಳಿತು ಅಂಗೈ ನೋಡಿಕೊಂಡು ಪ್ರಾರ್ಥಿಸುವ ರೂಢಿಯಿದೆ. ಆ ಒಂದೆರಡು ನಿಮಿಷ ರಕ್ತದೊತ್ತಡ ಹೊಂದಿಕೊಳ್ಳಲು ಸಮಯ ಕೊಡುತ್ತದೆ. ರೂಢಿ ಇಲ್ಲದವರೂ ಕಾಲನ್ನು ಕೆಳಗೆ ಬಿಟ್ಟು ಒಂದು ನಿಮಿಷ ಕುಳಿತೇ ಏಳಲಿ.

ಸಕ್ಕರೆ ಕಾಯಿಲೆ ಬಹುಕಾಲದಿಂದ ಇದ್ದವರಲ್ಲಿ ಅಂಗಾಲಿನ ಸ್ಪರ್ಶಜ್ಞಾನ ಕುಂದುತ್ತದೆ. ಚಪ್ಪಲಿ ಕಾಲಿನಿಂದ ಕಳಚಿದ್ದೂ ಗೊತ್ತಾಗದಷ್ಟು ಮರಗಟ್ಟುವುದುಂಟು. ಹಗಲಿನಲ್ಲಿ ಕಣ್ಣು ಆ ಕೊರತೆಯನ್ನು ತುಂಬಿಕೊಡುತ್ತದೆ. ಕತ್ತಲಲ್ಲಿ ಆ ನೆರವೂ ಇಲ್ಲ. ಕಣ್ಣಿನಲ್ಲಿ ಪೊರೆ ಬಂದಿದ್ದರಂತೂ ಹಗಲೂ ಇರುಳೂ ಒಂದೇ. 'ಪೊರೆ ಇನ್ನೂ ಬಲಿಯಲಿ' ಎಂದು ವರ್ಷಗಟ್ಟಲೆ ಕಾಯುವವರು ಈ ಸಂಗತಿಯನ್ನು ತಿಳಿಯಬೇಕು. ಇಂಗ್ಲೆಂಡಿನಲ್ಲಿ 70 ದಾಟಿದ ಮಹಿಳೆಯರ ಬಗ್ಗೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯನ್ನು ಬೇಗ ಮಾಡಿಸಿಕೊಂಡವರಲ್ಲಿ ಬೀಳುವ ಪ್ರಮಾಣ ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ಹಾಗೆಯೇ ಮೇಲೆ ದೂರ, ಕೆಳಗೆ ಹತ್ತಿರ ಕಾಣುವ ಬೈಫೋಕಲ್ ಕನ್ನಡಕ ಹಾಕಿ ಮೆಟ್ಟಿಲು ಇಳಿಯುವಾಗ ಕೆಳಗಿನ ಗಾಜಿನಿಂದ ನೋಡಿದರೆ ಮೆಟ್ಟಿಲ ಅಂಚು ಮಸುಕಾಗುತ್ತದೆ. ಇಳಿಯುವಾಗ ತಲೆಯನ್ನು ಸ್ವಲ್ಪ ಬಾಗಿಸಿ ಮೇಲಿನ ಗಾಜಿನಿಂದಲೇ ನೋಡಬೇಕು.

ಇನ್ನು ಔಷಧ. ನಿದ್ದೆ ಮಾತ್ರೆ, ಮನಸ್ಸನ್ನು ಶಾಂತಗೊಳಿಸುವ ಮಾತ್ರೆ, ರಕ್ತದೊತ್ತಡದ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಸಕ್ಕರೆಯನ್ನು ತೀರ ಇಳಿಸುವ ಮಾತ್ರೆ, ಇವುಗಳಿಂದ ತೂಕಡಿಕೆ, ತಲೆಸುತ್ತು, ರಾತ್ರಿ ಪದೇ ಪದೇ ಏಳುವುದು ಆಗಬಹುದು. ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಮೂರು ವರ್ಷದ ಹಿಂದೆ ಒಂದು ವಾರಕ್ಕೆಂದು ಬರೆದ ನಿದ್ದೆ ಮಾತ್ರೆ ಔಷಧ ಅಂಗಡಿಯಿಂದ ತಿಂಗಳು ತಿಂಗಳೂ ಬರುತ್ತಲೇ ಇರುತ್ತದೆ. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಒಬ್ಬ ವೈದ್ಯರ ಮೇಜಿನ ಮೇಲೆ ಸುರಿದು, 'ಇದರಲ್ಲಿ ಯಾವುದು ಬೇಕು, ಯಾವುದು ಬೇಡ?' ಎಂದು ಕೇಳಿ. ವಿಟಮಿನ್ ಡಿ ವಿಷಯದಲ್ಲೂ ಇದೇ ಮಾತು. ಕೊರತೆಯಿದ್ದರೆ ವೈದ್ಯರು ಹೇಳಿದಷ್ಟು ತೆಗೆದುಕೊಳ್ಳಬೇಕು. ಹೆಚ್ಚಾದಷ್ಟೂ ಒಳ್ಳೆಯದು ಎಂದು ಭಾವಿಸಬಾರದು. ಆಸ್ಟ್ರೇಲಿಯಾದಲ್ಲಿ ವೃದ್ಧ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಒಂದೇ ಸಲಕ್ಕೆ ಕೊಟ್ಟು ನೋಡಿದ ಪ್ರಯೋಗದಲ್ಲಿ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತೆಂದು 2010ರಲ್ಲಿ ವರದಿಯಾಯಿತು.

ಮೂರನೆಯದು ಮನೆ. ಇಲ್ಲಿ ನನ್ನ ವೃತ್ತಿಯ ಒಂದು ಮಾತು ಹೇಳುತ್ತೇನೆ. ಸ್ಟುಡಿಯೋದಲ್ಲಿ ನೆಲದ ತುಂಬ ಕೇಬಲ್‌ಗಳಿರುತ್ತವೆ. ಅತಿಥಿಗಳು ಒಳಗೆ ಬರುವ ಮೊದಲು ಅವರು ನಡೆಯುವ ದಾರಿಯ ಕೇಬಲ್‌ಗಳನ್ನು ಅಗಲವಾದ ಟೇಪಿನಿಂದ ನೆಲಕ್ಕೆ ಅಂಟಿಸುತ್ತೇವೆ. ಪ್ರಖರ ದೀಪದ ಕೆಳಗಿನಿಂದ ಎದ್ದು ಹೊರಟವರಿಗೆ ಪಕ್ಕದ ಕತ್ತಲು ಕೆಲವು ಕ್ಷಣ ಕಾಣುವುದಿಲ್ಲವೆಂದು ಒಬ್ಬರು ಕೈ ಹಿಡಿದು ಕರೆದೊಯ್ಯುತ್ತಾರೆ. ಒಂದು ಗಂಟೆ ಇದ್ದು ಹೋಗುವ ಅತಿಥಿಗೆ ಇಷ್ಟು ಎಚ್ಚರ. ನಲವತ್ತು ವರ್ಷದಿಂದ ಮನೆಯಲ್ಲಿರುವ ಅಮ್ಮ ನಡೆಯುವ ದಾರಿಯಲ್ಲಿ ಮಾತ್ರ ಟಿ.ವಿ.ಯ ವೈರು, ಮೊಬೈಲ್ ಚಾರ್ಜರು, ಮಡಿಸಿದ ಚಾಪೆ, ಮೊಮ್ಮಗನ ಆಟಿಕೆ!

ಇಟ್ಟಮಡುವಿನಲ್ಲಿ 20 ಅಡಿಗೆ 30 ಅಡಿ, 30ಕ್ಕೆ 40 ಅಡಿ ನಿವೇಶನಗಳಲ್ಲಿ ಎದ್ದ ಮನೆಗಳು ಬಹಳ. ಜಾಗ ಉಳಿಸಲು ಮೆಟ್ಟಿಲು ಕಿರಿದಾಗಿ, ಕಡಿದಾಗಿ, ಹೊರಗಡೆ ಇರುತ್ತದೆ. ಮೊದಲ ಮೆಟ್ಟಿಲು ಒಂದು ಎತ್ತರ, ಕೊನೆಯದು ಇನ್ನೊಂದು ಎತ್ತರ. ನಮ್ಮ ಕಾಲು ಮೊದಲೆರಡು ಮೆಟ್ಟಿಲಲ್ಲಿ ಅಳತೆ ಕಲಿತು ಉಳಿದದ್ದನ್ನು ನೋಡದೆಯೇ ಏರುತ್ತದೆ. ಅಳತೆ ತಪ್ಪಿದ ಕಡೆ ಎಡವುತ್ತದೆ. ಮೆಟ್ಟಿಲನ್ನು ಒಡೆದು ಕಟ್ಟುವುದು ಆಗದಿರಬಹುದು. ಆದರೆ ಪ್ರತಿ ಮೆಟ್ಟಿಲ ಅಂಚಿಗೆ ಎರಡು ಬೆರಳಗಲ ಬಿಳಿ ಅಥವಾ ಹಳದಿ ಬಣ್ಣ ಬಳಿಯಬಹುದು, ಕೈಹಿಡಿ ಹಾಕಿಸಬಹುದು, ಮೇಲೂ ಕೆಳಗೂ ಸ್ವಿಚ್ ಇರುವ ದೀಪ ಹಾಕಿಸಬಹುದು.

ಬಚ್ಚಲು ಮನೆಗೆ ಬನ್ನಿ. ಒದ್ದೆ ನೆಲ, ಸೋಪಿನ ನೊರೆ, ನುಣುಪು ಟೈಲ್ಸ್, ಎಣ್ಣೆಸ್ನಾನದ ದಿನವಾದರೆ ಅಂಗಾಲಿನಲ್ಲೂ ಎಣ್ಣೆ. ದೀಪಾವಳಿಯ ನರಕ ಚತುರ್ದಶಿಯ ಮುಂಜಾವು ಇವೆಲ್ಲವೂ ಅರೆಗತ್ತಲಲ್ಲಿ ಒಟ್ಟಿಗೆ ಸೇರುತ್ತವೆ. ಹಿರಿಯರಿಗೆ ಅಂಗಾಲಿಗೆ ಎಣ್ಣೆ ಹಚ್ಚುವುದಿದ್ದರೆ ಸ್ನಾನದ ಸ್ಟೂಲಿನ ಮೇಲೆ ಕೂರಿಸಿದ ನಂತರವೇ ಹಚ್ಚಿ, ಅಲ್ಲೇ ತೊಳೆದುಬಿಡಿ. ನಿಂತು ಸ್ನಾನ ಮಾಡುವ ಬದಲು ನಾಲ್ಕು ಕಾಲಿಗೂ ರಬ್ಬರ್ ಇರುವ ಗಟ್ಟಿ ಕುರ್ಚಿ ಹಾಕಿಕೊಡಿ. ಕಮೋಡಿನ ಪಕ್ಕದಲ್ಲಿ, ಸ್ನಾನದ ಜಾಗದಲ್ಲಿ ಗೋಡೆಗೆ ಸ್ಟೀಲಿನ ಹಿಡಿ ಹಾಕಿಸಿ. ಟವೆಲ್ ನೇತುಹಾಕುವ ಕಂಬಿಯನ್ನೋ ನಲ್ಲಿಯನ್ನೋ ಹಿಡಿದುಕೊಳ್ಳುವ ಅಭ್ಯಾಸ ಅಪಾಯ. ಅವು ಮನುಷ್ಯನ ಭಾರ ತಡೆಯಲು ಮಾಡಿದವಲ್ಲ. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಕೊಳ್ಳದೆ, ಬೇಕಾದರೆ ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಇರಲಿ. ಬಾಡಿಗೆ ಮನೆಯಲ್ಲಿ ಟೈಲ್ಸ್‌ಗೆ ತೂತು ಕೊರೆಯಲು ಮಾಲೀಕರು ಒಪ್ಪುವುದಿಲ್ಲ ಎನ್ನುವವರಿದ್ದಾರೆ. ಮಾಲೀಕರಿಗೂ ವಯಸ್ಸಾದ ತಂದೆತಾಯಿ ಇರುತ್ತಾರೆ. ಕೇಳಿ ನೋಡಿ, ಹೆಚ್ಚಿನವರು ಒಪ್ಪುತ್ತಾರೆ.

ಮುಂಬಾಗಿಲ ಹೊಸಿಲು, ನೀರು ಹಾಕಿ ರಂಗೋಲಿ ಬಿಟ್ಟ ಗ್ರಾನೈಟ್ ಜಗಲಿ, ಅಡುಗೆಮನೆಯ ಅಟ್ಟದ ಮೇಲಿನ ಡಬ್ಬಿ, ಸವೆದ ಹವಾಯಿ ಚಪ್ಪಲಿ, ಕಾಲಿಗೆ ಸಿಕ್ಕುವ ಪಂಚೆಯ ಅಂಚು ಮತ್ತು ಸೀರೆಯ ನೆರಿಗೆ, ಇವನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ದಿನವೂ ಬೇಕಾದ ಡಬ್ಬಿಗಳು ಸೊಂಟದಿಂದ ಹೆಗಲಿನ ಎತ್ತರದೊಳಗೆ ಇರಲಿ. ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯಲಿ. ಕರೆಂಟು ಹೋದರೆ ಕೈಗೆ ಸಿಗುವಂತೆ ದಿಂಬಿನ ಪಕ್ಕ ಒಂದು ಟಾರ್ಚ್ ಇರಲಿ.

ನಾಲ್ಕನೆಯದು ಬೀದಿ. ಮಡು ಎಂದರೆ ನೀರು ನಿಲ್ಲುವ ಆಳವಾದ ಜಾಗ. ಹೆಸರಿಗೆ ತಕ್ಕಂತೆ ಇಟ್ಟಮಡುವಿನ ನೆಲ ಏರುತಗ್ಗಿನದು. ಕತ್ರಿಗುಪ್ಪೆ, ಹೊಸಕೆರೆಹಳ್ಳಿ, ಚಿಕ್ಕಲಸಂದ್ರದ ಕಡೆ ನಡೆದು ಹೋಗುವ ಹಿರಿಯರನ್ನು ಗಮನಿಸಿ. ಕಾಲುದಾರಿಯ ಮೇಲೆ ನಡೆಯುವ ಬದಲು ವಾಹನಗಳ ಪಕ್ಕದಲ್ಲೇ ರಸ್ತೆಯ ಅಂಚಿನಲ್ಲಿ ನಡೆಯುತ್ತಾರೆ. ಅದಕ್ಕೆ ಕಾರಣವಿದೆ. ಕಾಲುದಾರಿ ಇದ್ದ ಕಡೆ ಪ್ರತಿ ಮನೆಯವರೂ ತಮ್ಮ ವಾಹನಕ್ಕೆ ಒಂದೊಂದು ಇಳಿಜಾರು ಕಟ್ಟಿಕೊಂಡಿದ್ದಾರೆ. ಚರಂಡಿಯ ಮೇಲಿನ ಚಪ್ಪಡಿ ಅಲ್ಲಾಡುತ್ತದೆ. ಹತ್ತಿ ಇಳಿದು ಹತ್ತಿ ಇಳಿದು ಮಂಡಿ ನೋಯುವವರಿಗೆ ಸಾಕಾಗುತ್ತದೆ. ಕಾಲುದಾರಿಯನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಹಕ್ಕನ್ನು ನಗರಾಡಳಿತದಿಂದ ಕೇಳೋಣ. ಜೊತೆಗೆ ನಮ್ಮ ಮನೆಯ ಮುಂದಿನ ಇಳಿಜಾರನ್ನು, ನಿಲ್ಲಿಸಿದ ಸ್ಕೂಟರನ್ನು ನಾವೇ ಒಮ್ಮೆ ನೋಡಿಕೊಳ್ಳೋಣ. ಬಸ್ಸಿನಲ್ಲಿ ಹಿರಿಯರು ಕುಳಿತ ಮೇಲೆ ಚಾಲಕರು ಹೊರಡಿಸಿದರೆ, ನಿಂತ ಮೇಲೆ ಇಳಿಯಲು ಬಿಟ್ಟರೆ ಎಷ್ಟೋ ಅಪಾಯ ತಪ್ಪುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಒಬ್ಬ ಮಗನಿಗೋ ಮಗಳಿಗೋ ಅನ್ನಿಸಬಹುದು: ಹಾಗಾದರೆ ಅಮ್ಮ ಹೊರಗೆ ಹೋಗದಿದ್ದರೇ ಒಳ್ಳೆಯದಲ್ಲವೇ? ಇವತ್ತಿನ ಮಾತಿನಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿ ಇಲ್ಲಿದೆ.

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಎಪ್ಪತ್ತೈದು ದಾಟಿದವರು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಕೈಯೂರಿ ಬಿದ್ದರು. ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟಿ ಹಾಕಿ ಅದು ಕೂಡಿಕೊಂಡಿತು. ಆದರೆ ಮಕ್ಕಳಿಗೆ ಹೆದರಿಕೆ ಹೋಗಲಿಲ್ಲ. 'ಅಮ್ಮ, ನೀವು ಸುಮ್ನೆ ಕೂತ್ಕೊಳ್ಳಿ, ಏನು ಬೇಕೋ ನಾವು ತಂದ್ಕೊಡ್ತೀವಿ' ಎಂದರು. ದೇವಸ್ಥಾನ ನಿಂತಿತು. ತರಕಾರಿ ಗಾಡಿಯವನೊಡನೆ ಚೌಕಾಸಿ ನಿಂತಿತು. ತಾರಸಿಯ ಮೇಲೆ ಸಂಡಿಗೆ ಒಣಗಿಸುವುದು ನಿಂತಿತು. ಮಕ್ಕಳು ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ಸಂದೇಹವಿಲ್ಲ. ಆರು ತಿಂಗಳಾಗುವ ಹೊತ್ತಿಗೆ ಆ ಅಜ್ಜಿಗೆ ಕುರ್ಚಿಯಿಂದ ಏಳಲು ಇನ್ನೊಬ್ಬರ ಕೈ ಬೇಕಾಯಿತು. ನಾನು ನೋಡಲು ಹೋದಾಗ ನಗುತ್ತಲೇ ಹೇಳಿದರು: 'ಕೈ ಮುರಿದಿದ್ದಕ್ಕೆ ಕಾಲು ಕಟ್ಟಿಹಾಕಿದರಲ್ಲಪ್ಪ!'

ಅಜ್ಜಿಯ ಮಾತು ವೈದ್ಯಶಾಸ್ತ್ರ ಒಪ್ಪುವ ಮಾತು. ಒಮ್ಮೆ ಬಿದ್ದವರಿಗೆ ಮತ್ತೆ ಬೀಳುವ ಭಯ ಹತ್ತುತ್ತದೆ. ಭಯದಿಂದ ಓಡಾಟ ಕಡಿಮೆಯಾಗುತ್ತದೆ. ಓಡಾಟ ಕಡಿಮೆಯಾದರೆ ಸ್ನಾಯು ಸೊರಗುತ್ತದೆ, ಸಮತೋಲನ ಕೆಡುತ್ತದೆ, ಮತ್ತೆ ಬೀಳುವ ಸಂಭವ ಹೆಚ್ಚುತ್ತದೆ. ಕೂರಿಸಿ ಕಾಪಾಡುತ್ತೇವೆಂದು ಹೊರಟವರು ಬೀಳುವ ದಾರಿಯನ್ನೇ ಹತ್ತಿರ ಮಾಡಿಕೊಡುತ್ತಾರೆ. ಇದು ಗೊತ್ತಿರುವುದರಿಂದಲೇ ಎಷ್ಟೋ ಹಿರಿಯರು ಬಿದ್ದದ್ದನ್ನು ಮಕ್ಕಳಿಂದ ಮುಚ್ಚಿಡುತ್ತಾರೆ. ಹೇಳಿದರೆ ಇರುವ ಸ್ವಾತಂತ್ರ್ಯವೂ ಹೋದೀತೆಂಬ ಆತಂಕ ಅವರಿಗೆ. 'ಬಿದ್ದೆ' ಎಂದು ಅವರು ಹೇಳಿದಾಗ ಗದರಿಸದೆ, 'ಎಲ್ಲಿ, ಹೇಗೆ, ಆಗ ತಲೆಸುತ್ತು ಬಂದಿತ್ತೇ?' ಎಂದು ಕೇಳಿದರೆ ಮುಂದಿನ ಸಲವೂ ಹೇಳುತ್ತಾರೆ.

ಆ ಮನೆಗೆ ನಂತರ ಒಬ್ಬ ಫಿಸಿಯೋಥೆರಪಿ ತಜ್ಞರು ಬಂದು ಸುಲಭವಾದ ವ್ಯಾಯಾಮ ಹೇಳಿಕೊಟ್ಟರು. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಮುಂಗಾಲ ಮೇಲೆ ನಿಲ್ಲುವುದು, ಹಿಡಿದುಕೊಂಡೇ ಒಂದು ಕಾಲಿನ ಮೇಲೆ ನಿಲ್ಲುವುದು, ಪಕ್ಕಕ್ಕೆ ಹೆಜ್ಜೆ ಹಾಕುವುದು. ಸಂಜೆ ಸೊಸೆಯ ಜೊತೆ ಬೀದಿಯ ತಿರುವಿನವರೆಗೆ ನಡಿಗೆ. ಮೂರು ತಿಂಗಳ ಮೇಲೆ ಅಜ್ಜಿ ಕೋಲೂರಿಕೊಂಡು ತಾವೇ ತರಕಾರಿ ಗಾಡಿಯ ಹತ್ತಿರ ಹೋದರು.

ಇದು ಒಂದು ಮನೆಯ ಕಥೆ ಮಾತ್ರವಲ್ಲ. ಇಂಥ ವ್ಯಾಯಾಮದ ಬಗ್ಗೆ 108 ಅಧ್ಯಯನಗಳನ್ನು, 23 ಸಾವಿರಕ್ಕೂ ಹೆಚ್ಚು ಹಿರಿಯರ ಅನುಭವವನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ವ್ಯಾಯಾಮ ಮಾಡಿದವರಲ್ಲಿ ಬೀಳುವ ಪ್ರಮಾಣ ಸುಮಾರು ಶೇಕಡಾ 23ರಷ್ಟು ಕಡಿಮೆಯಾಗಿತ್ತು. ಸಮತೋಲನ ಮತ್ತು ಕಾಲಿನ ಬಲ ಎರಡನ್ನೂ ಬೆಳೆಸುವ ವ್ಯಾಯಾಮ ಬೇಕು. ಬರೀ ನಡಿಗೆ ಸಾಲದು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮನೆಯಲ್ಲೇ ಮಾಡಬಹುದಾದ ಇಂಥ ಒಂದು ಕ್ರಮವನ್ನೇ ರೂಪಿಸಿದರು.

ನಿಮ್ಮ ಮನೆಯ ಹಿರಿಯರ ಸ್ಥಿತಿ ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಕುರ್ಚಿಯಿಂದ 3 ಮೀಟರ್ ದೂರಕ್ಕೆ, ಅಂದರೆ ಸುಮಾರು ಹತ್ತು ಅಡಿಗೆ ಒಂದು ಗುರುತು ಹಾಕಿ. ಅವರು ಕುರ್ಚಿಯಿಂದ ಎದ್ದು, ಎಂದಿನ ವೇಗದಲ್ಲಿ ಗುರುತಿನವರೆಗೆ ನಡೆದು, ತಿರುಗಿ ಬಂದು ಕುಳಿತುಕೊಳ್ಳಲಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಇದಕ್ಕೆ 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಇನ್ನೊಂದು ಸೂಚನೆ ಇನ್ನೂ ಸುಲಭ. ನಡೆಯುತ್ತಿರುವವರನ್ನು ಮಾತನಾಡಿಸಿದಾಗ ನಿಂತೇ ಉತ್ತರ ಕೊಡುತ್ತಾರೆಯೇ, ಗಮನಿಸಿ. ನಡಿಗೆಗೇ ಎಲ್ಲ ಗಮನವನ್ನೂ ಕೊಡಬೇಕಾದವರು ಹಾಗೆ ನಿಲ್ಲುತ್ತಾರೆ. ಅಂಥವರಲ್ಲಿ ಬೀಳುವ ಸಂಭವ ಹೆಚ್ಚೆಂದು ಸ್ವೀಡನ್ನಿನ ಸಂಶೋಧಕರು 1997ರಲ್ಲಿ ತೋರಿಸಿಕೊಟ್ಟರು.

ಇಷ್ಟು ಎಚ್ಚರ ವಹಿಸಿಯೂ ಬಿದ್ದರೆ? ಅವಸರದಿಂದ ತೋಳು ಹಿಡಿದು ಎಳೆದು ಎಬ್ಬಿಸಬೇಡಿ. ಒಂದು ನಿಮಿಷ ಹಾಗೇ ಇರಲಿ. ನೋವು ಎಲ್ಲಿದೆ, ಕೈಕಾಲು ಆಡುತ್ತವೆಯೇ ಕೇಳಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಗಡೆ ತಿರುಗಿ ಬಿದ್ದಿದ್ದರೆ, ತೊಡೆಯ ಸಂದಿಯಲ್ಲಿ ವಿಪರೀತ ನೋವಿದ್ದರೆ ಸೊಂಟದ ಮೂಳೆ ಮುರಿದಿರುವ ಸಂಭವ ಹೆಚ್ಚು. ನಿಲ್ಲಿಸಲು ನೋಡದೆ 108ಕ್ಕೆ ಫೋನ್ ಮಾಡಿ. ಬೆಂಗಳೂರಿನ ಮೂಲೆ ಮೂಲೆಯಲ್ಲೂ ಪುತ್ತೂರು ಕಟ್ಟಿನ ಫಲಕಗಳಿವೆ, ಅದರಲ್ಲಿ ನಂಬಿಕೆ ಇರುವವರೂ ಬಹಳ. ಆದರೆ ಸೊಂಟದ ಈ ಮುರಿತಕ್ಕೆ ಹೊರಗಿನ ಕಟ್ಟು, ಎಣ್ಣೆ ನೀವಿಕೆ ಆಗಿಬರುವುದಿಲ್ಲ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕು, ಅದೂ ಒಂದೆರಡು ದಿನದೊಳಗೆ. ತಡವಾದಷ್ಟೂ ಹಾಸಿಗೆ ಹುಣ್ಣು, ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಮುಂತಾದ ತೊಡಕುಗಳು ಬೆನ್ನು ಹತ್ತುತ್ತವೆ. ದಕ್ಷಿಣ ಬೆಂಗಳೂರಿನವರಿಗೆ ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸಂಜಯ ಗಾಂಧಿ ಸಂಸ್ಥೆ ಜಯನಗರದ ಪಕ್ಕದಲ್ಲೇ ಇದೆ.

ತಲೆಗೆ ಪೆಟ್ಟು ಬಿದ್ದಿದ್ದರೆ ಇನ್ನೂ ಎಚ್ಚರ ಬೇಕು. ಅದರಲ್ಲೂ ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಆರಾಮವಾಗಿದ್ದೇವೆ ಎನ್ನಿಸಿದರೂ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದವರಲ್ಲಿ ತಲೆಯೊಳಗೆ ರಕ್ತ ನಿಧಾನವಾಗಿ ಸೇರಿ, ಎರಡು ಮೂರು ವಾರದ ಮೇಲೆ ಮರೆವು, ಗೊಂದಲ, ತೂಕಡಿಕೆ, ನಡಿಗೆಯಲ್ಲಿ ತೊಡರು ಕಾಣಿಸಿಕೊಳ್ಳಬಹುದು. ಅದನ್ನು ಅರಳುಮರಳು ಎಂದುಕೊಂಡು ಸುಮ್ಮನಿದ್ದರೆ ಗುಣವಾಗಬಹುದಾದ ಕಾಯಿಲೆ ಪ್ರಾಣಕ್ಕೆ ಬರುತ್ತದೆ.

ಮಕ್ಕಳು ಕೆಲಸಕ್ಕೆ ಹೋಗಿ ಅಥವಾ ಪರದೇಶದಲ್ಲಿದ್ದು ಒಂಟಿಯಾಗಿರುವ ಹಿರಿಯರು ಮೊಬೈಲನ್ನು ಮೇಜಿನ ಮೇಲಿಡದೆ ಮೈಮೇಲೆಯೇ ಇಟ್ಟುಕೊಳ್ಳಲಿ. ಕೊರಳಿಗೆ ದಾರ ಹಾಕಿಕೊಂಡರೂ ಸರಿ, ಸೊಂಟದ ಚೀಲವಾದರೂ ಸರಿ. ನೆಲದ ಮೇಲೆ ಬಿದ್ದವರಿಗೆ ಮೇಜು ಬಹಳ ಎತ್ತರ. ಪಕ್ಕದ ಮನೆಯವರ ಹತ್ತಿರ ಒಂದು ಬೀಗದ ಕೈ ಇರಲಿ. ದಿನವೂ ಬೆಳಿಗ್ಗೆ ಗೊತ್ತಾದ ಹೊತ್ತಿಗೆ ಒಂದು ಫೋನ್ ಕರೆ ಇರಲಿ. ಹಿರಿಯ ನಾಗರಿಕರಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567. ಇದನ್ನು 108ರ ಜೊತೆ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಕೊನೆಯದಾಗಿ ಒಂದು ವಿನಂತಿ. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮನೆಯ ಹಿರಿಯರ ಜೊತೆ ಅವರ ಹಾಸಿಗೆಯಿಂದ ಹೊರಟು ಬಚ್ಚಲು, ಅಡುಗೆಮನೆ, ಮೆಟ್ಟಿಲು, ಮುಂಬಾಗಿಲವರೆಗೆ ಅವರ ವೇಗದಲ್ಲೇ ನಡೆಯಿರಿ. 'ಎಲ್ಲಿ ನಿಮಗೆ ಹೆದರಿಕೆ ಆಗುತ್ತದೆ?' ಎಂದು ಕೇಳಿ. ಅವರು ಕೈ ತೋರಿಸಿದ ಜಾಗದಿಂದಲೇ ರಿಪೇರಿ ಶುರುವಾಗಲಿ.